ಬೆಳಿಗ್ಗೆ ಹೊತ್ತು ಮಾತ್ರ ಕೀಬೋರ್ಡ್ ಕೆಲಸ ಮಾಡುವುದಿಲ್ಲ: ಮದರ್‌ಬೋರ್ಡ್ ಹೋಗಿದೆಯೇ?

ಮಧುಗಿರಿ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಮಧುಗಿರಿಯಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು. ಅದು ಹಳೆಯದು, ನಿಜ. ಆದರೆ ನನ್ನ ಫಾಂಟುಗಳು, ಇಷ್ಟು ವರ್ಷ ಮಾಡಿಟ್ಟ ಪತ್ರಿಕೆಗಳ ಮಾದರಿಗಳು, ಪ್ರಿಂಟರಿಗೆ ಹೊಂದಿಸಿಟ್ಟ ಅಳತೆಗಳು ಎಲ್ಲ ಅದರಲ್ಲೇ ಇವೆ. ಅದನ್ನು ಬಿಡುವ ಮನಸ್ಸು ನನಗಿಲ್ಲ.

ಇದಕ್ಕೆ ಮೊದಲಿನಿಂದ ಇದ್ದದ್ದು ನೇರಳೆ ಬಣ್ಣದ ಗುಂಡನೆಯ ಪಿನ್ನಿನ ಕೀಬೋರ್ಡ್. ಅದರ ಎಫ್ ಕೀ ಸವೆದು ಹೋಯಿತು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವವರಿಗೆ ಇದರ ಕಷ್ಟ ಗೊತ್ತು: ಎಫ್ ಇಲ್ಲದಿದ್ದರೆ ಒಂದೇ ಒಂದು ಒತ್ತಕ್ಷರವೂ ಮೂಡುವುದಿಲ್ಲ. ಲಗ್ನಪತ್ರಿಕೆಯ ನೆತ್ತಿಯ ಮೇಲೆ 'ಶ್ರೀ' ಬರೆಯುವುದಕ್ಕೇ ಅದು ಬೇಕು. ಹಾಗಾಗಿ ತುಮಕೂರಿನಿಂದ ಹೊಸ ಯುಎಸ್‌ಬಿ ಕೀಬೋರ್ಡ್ ತಂದೆ. ವಿಂಡೋಸ್ ಬಂದ ಮೇಲೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ತೊಂದರೆ ಇರುವುದು ಅದಕ್ಕೂ ಮುಂಚೆ. ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆಯ ಮೇಲೆ ಎರಡು ಮೂರು ಸಾಲು ಇಂಗ್ಲಿಷ್ ಬಂದು ನಿಂತುಬಿಡುತ್ತದೆ. ಕೊನೆಯ ಸಾಲು ಮುಂದುವರಿಯಲು ಎಫ್1 ಒತ್ತಿ ಎನ್ನುತ್ತದೆ. ಹೊಸ ಕೀಬೋರ್ಡಿನಲ್ಲಿ ಎಷ್ಟು ಒತ್ತಿದರೂ ಅಲುಗಾಡುವುದಿಲ್ಲ. ಹಳೆಯ ಕೀಬೋರ್ಡನ್ನೂ ಹಿಂದೆ ಸಿಕ್ಕಿಸಿಯೇ ಇಟ್ಟಿದ್ದೇನೆ, ಅದರಲ್ಲಿ ಎಫ್1 ಒತ್ತಿದರೆ ತಕ್ಷಣ ಮುಂದೆ ಹೋಗುತ್ತದೆ. ಒಂದು ಗುಂಡಿ ಒತ್ತುವುದಕ್ಕಾಗಿ ಮೇಜಿನ ಮೇಲೆ ಎರಡು ಕೀಬೋರ್ಡ್!

ನಮ್ಮೂರಿನ ರಿಪೇರಿಯವರನ್ನು ಕರೆಸಿದೆ. ಅವರು ನೀಲಿ ಪರದೆಯೊಳಗೆ ಹೋಗಿ ಏನೋ ಬದಲಾಯಿಸಿದರು. ಆಮೇಲೆ ಎಷ್ಟು ಬಾರಿ ಆರಿಸಿ ಹಾಕಿದರೂ ಹೊಸ ಕೀಬೋರ್ಡ್ ಮೊದಲಿನಿಂದಲೇ ಕೆಲಸ ಮಾಡಿತು. ಸಂಜೆಯವರೆಗೂ ಸರಿಯಾಗಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಹಾಡು. ಮತ್ತೆ ಕರೆಸಿದಾಗ, ಮದರ್‌ಬೋರ್ಡೇ ಹೋಗಿದೆ, ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎಂದರು.

ಮದುವೆಯ ಕಾಲ ಎದುರಿಗಿದೆ. ನಿಜವಾಗಿಯೂ ಮದರ್‌ಬೋರ್ಡ್ ಹೋಗಿದ್ದರೆ ದಿನವಿಡೀ ಇಷ್ಟು ಚೆನ್ನಾಗಿ ಹೇಗೆ ಓಡುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಬಂಗಾರಪೇಟೆಯಿಂದ

ನಮಸ್ಕಾರ ಮೇಡಂ. ಮದರ್‌ಬೋರ್ಡ್ ಹೋಗಿದೆ ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಮ್ಮ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು, ಇಂಥದ್ದನ್ನು ಕಂಡಿದ್ದೇನೆ.

ಮೊದಲು ನಮ್ ಲಾಕ್ ದೀಪ ನೋಡಿ. ಆ ಕಪ್ಪು ಪರದೆಯಲ್ಲಿ ನಿಂತಿರುವಾಗ ಹೊಸ ಕೀಬೋರ್ಡಿನ ನಮ್ ಲಾಕ್ ಒತ್ತಿದರೆ ದೀಪ ಹತ್ತಿ ಆರುತ್ತದೆಯೇ? ಆ ದೀಪವನ್ನು ಕೀಬೋರ್ಡ್ ತಾನಾಗಿ ಹಚ್ಚುವುದಿಲ್ಲ, ಕಂಪ್ಯೂಟರ್ ಹೇಳಿದಾಗ ಮಾತ್ರ ಹಚ್ಚುತ್ತದೆ. ದೀಪ ಕದಲದಿದ್ದರೆ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮುಂಚೆ ಕಂಪ್ಯೂಟರನ್ನು ಎಬ್ಬಿಸುವ ಮದರ್‌ಬೋರ್ಡಿನ ತಂತ್ರಾಂಶಕ್ಕೆ, ಈ ಕೀಬೋರ್ಡ್ ಕಾಣಿಸುತ್ತಲೇ ಇಲ್ಲ ಎಂದರ್ಥ.

ಆಮೇಲೆ, ಅದನ್ನು ಎಲ್ಲಿ ಸಿಕ್ಕಿಸಿದ್ದೀರಿ? ಮುಂದುಗಡೆಯ ಪೋರ್ಟ್, ಹಬ್ಬು, ಉದ್ದನೆಯ ವಿಸ್ತರಣೆ ತಂತಿ ಯಾವುದೂ ಬೇಡ. ಹಿಂದೆ ಮದರ್‌ಬೋರ್ಡಿಗೇ ಸೇರಿದ ಕಪ್ಪು ಪೋರ್ಟಿಗೆ ಹಾಕಿ. ನೀಲಿ ಪೋರ್ಟ್ ಇದ್ದರೆ ಬಿಟ್ಟುಬಿಡಿ. ಹಳೆಯ ಬೋರ್ಡುಗಳಲ್ಲಿ ನೀಲಿ ಪೋರ್ಟನ್ನು ನಡೆಸುವುದು ಬೇರೆ ಕಂಪನಿಯ ಪ್ರತ್ಯೇಕ ಚಿಪ್ಪು, ಎಷ್ಟೋ ಬಾರಿ ವಿಂಡೋಸ್ ಬರುವವರೆಗೆ ಅದಕ್ಕೆ ಜೀವವೇ ಇರುವುದಿಲ್ಲ.

ಮುಖ್ಯವಾಗಿ, ಕೊನೆಯ ಸಾಲನ್ನು ಬಿಟ್ಟು ಮೇಲಿನ ಸಾಲುಗಳಲ್ಲಿ ಏನಿದೆ? ಎಫ್1 ಒತ್ತಿ ಎನ್ನುವುದು ಎಲ್ಲ ದೂರಿಗೂ ಬರುವ ಸಾಲು, ದೂರು ಯಾವುದೆಂದು ಹೇಳುವುದು ಅದರ ಮೇಲಿನದು. ಕೀಬೋರ್ಡ್ ಇಲ್ಲ ಎಂದು ಬರೆದಿರಬಹುದು ಎಂಬುದು ನನ್ನ ಊಹೆ.

ಮಧುಗಿರಿ ಡಿಟಿಪಿ

ಸರ್, ನೀವು ಹೇಳಿದಂತೆ ಎಲ್ಲವನ್ನೂ ನೋಡಿದೆ. ಹೊಸ ಕೀಬೋರ್ಡಿನ ದೀಪ ವಿಂಡೋಸ್ ಚಿತ್ರ ಬರುವವರೆಗೂ ಹತ್ತುವುದೇ ಇಲ್ಲ. ಪೋರ್ಟುಗಳೆಲ್ಲ ಕಪ್ಪು, ಹಿಂದೆಯೇ ಸಿಕ್ಕಿಸಿದ್ದೇನೆ.

ಮೇಲಿನ ಸಾಲನ್ನು ಮೊಬೈಲಿನಲ್ಲಿ ಫೋಟೊ ತೆಗೆದು ನಿಧಾನವಾಗಿ ಓದಿದೆ. 'ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್' ಎಂದಿದೆ. ಕೀಬೋರ್ಡಿನ ಮಾತೇ ಅಲ್ಲಿಲ್ಲ.

ಇನ್ನೊಂದು ಕಾಟವೂ ಇದೆ, ಇದಕ್ಕೆ ಸಂಬಂಧವಿಲ್ಲ ಎಂದುಕೊಂಡು ಬರೆದಿರಲಿಲ್ಲ. ಬೆಳಿಗ್ಗೆ ಸರ್ಕಾರಿ ಜಾಲತಾಣ ತೆರೆದರೆ, ಈ ಸಂಪರ್ಕ ಸುರಕ್ಷಿತವಲ್ಲ ಎಂದು ಕೆಂಪು ಗುರುತು ಬರುತ್ತದೆ. ಮೂಲೆಯಲ್ಲಿ ನೋಡಿದರೆ 2009ರ ಜನವರಿ 1 ಎಂದಿರುತ್ತದೆ. ದಿನಾಂಕ ಸರಿ ಮಾಡಿದ ಮೇಲೆ ತೆರೆದುಕೊಳ್ಳುತ್ತದೆ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹಳ್ಳಿಗಳಿಂದ ಮೊದಲ ಬಸ್ಸಿಗೇ ಬಂದವರನ್ನು ಕಾಯಿಸಬೇಕಾಗುತ್ತದೆ. ನನಗೆ ಅದೇ ಸಂಕಟ.

ರಾತ್ರಿ ಅಂಗಡಿ ಮುಚ್ಚುವಾಗ ಯುಪಿಎಸ್ ಆರಿಸಿ ಮೇನ್ ಸ್ವಿಚ್ಚನ್ನೂ ಇಳಿಸಿ ಹೋಗುತ್ತೇನೆ. ಮಧ್ಯಾಹ್ನ ಕರೆಂಟು ಹೋದರೂ ಯುಪಿಎಸ್ ಇರುವುದರಿಂದ ಏನೂ ಆಗುವುದಿಲ್ಲ.

ಗೌರಿಬಿದನೂರು ಸರ್ವಿಸ್

ಅಕ್ಕ, ನಿಮ್ಮ ಕೀಬೋರ್ಡ್ ಸರಿ ಇದೆ, ಮದರ್‌ಬೋರ್ಡೂ ಸರಿ ಇದೆ. ಹೋಗಿರುವುದು ಬೋರ್ಡಿನ ಮೇಲೆ ಕುಳಿತಿರುವ ಒಂದು ಬಿಲ್ಲೆ ಶೆಲ್. ಕೀಬೋರ್ಡ್, ದಿನಾಂಕ, ಜಾಲತಾಣ ಮೂರೂ ಒಂದೇ ಕಾಯಿಲೆ. ಗೌರಿಬಿದನೂರಿನಲ್ಲಿ ನಾನು ಬಹಳ ಕಾಲದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇದಕ್ಕಾಗಿ ಒಳ್ಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದ್ದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ನಿಮ್ಮದರಂಥ ಹಳೆಯ ಬೋರ್ಡುಗಳಲ್ಲಿ, ಬಯಾಸ್‌ನಲ್ಲಿ ನಾವು ಮಾಡುವ ಆಯ್ಕೆಗಳೂ ಗಡಿಯಾರವೂ ಇರುವುದು ಸಿಮಾಸ್ ಎಂಬ ಪುಟ್ಟ ನೆನಪಿನಲ್ಲಿ. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿಯಲ್ಲಿ ಅದು ಬರೀ 64 ಬೈಟ್, ಅದರಲ್ಲೇ ಗಡಿಯಾರಕ್ಕೂ ಪಾಲು. ಈಗ ಅದು ದೊಡ್ಡ ಚಿಪ್ಪಿನೊಳಗೆ ಸೇರಿಕೊಂಡಿದೆ, ಆದರೆ ಗುಣ ಬದಲಾಗಿಲ್ಲ: ವಿದ್ಯುತ್ ತಪ್ಪಿದ ಕ್ಷಣ ಎಲ್ಲವನ್ನೂ ಮರೆಯುತ್ತದೆ. ಅದಕ್ಕೇ 3 ವೋಲ್ಟಿನ ಶೆಲ್ ಇಟ್ಟಿರುತ್ತಾರೆ. ಕಂಪ್ಯೂಟರ್ ಆರಿಸಿದ್ದರೂ ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ ಎಸ್‌ಎಂಪಿಎಸ್ ಎಂಬ ಒಳಗಿನ ವಿದ್ಯುತ್ ಪೆಟ್ಟಿಗೆಯಿಂದ ಸಣ್ಣ ಪ್ರಮಾಣದ ವಿದ್ಯುತ್ ಬೋರ್ಡಿಗೆ ಹರಿಯುತ್ತಲೇ ಇರುತ್ತದೆ, ಶೆಲ್ ಸತ್ತಿದ್ದರೂ ನೆನಪು ಉಳಿಯುತ್ತದೆ. ನಿಮಗೆ ಹಗಲೆಲ್ಲ ಸರಿ ಇದ್ದದ್ದು ಹಾಗೆ. ರಾತ್ರಿ ನೀವು ಮೇನ್ ಇಳಿಸುತ್ತೀರಿ, ಶೆಲ್ಲಿನಲ್ಲಿ ಕಸುವಿಲ್ಲ, ನೆನಪು ಅಳಿಸಿಹೋಗುತ್ತದೆ. ಬೆಳಿಗ್ಗೆ ಬಯಾಸ್ ಕಾರ್ಖಾನೆಯ ಮೂಲ ಆಯ್ಕೆಗಳನ್ನು ತುಂಬಿಕೊಂಡು, ಹೀಗಾಗಿದೆ ನೋಡಿ ಎಂದು ನಿಲ್ಲುತ್ತದೆ.

ಇನ್ನು ಕೀಬೋರ್ಡಿನ ಸಂಗತಿ. ಗುಂಡನೆಯ ಪಿನ್ನಿನ ಪಿಎಸ್/2 ಕೀಬೋರ್ಡಿಗೆ ಬೋರ್ಡಿನಲ್ಲಿ ನೇರ ದಾರಿ ಇದೆ, ಕಂಪ್ಯೂಟರ್ ಹಾಕಿದೊಡನೆ ಬಯಾಸ್ ಅದರ ಮಾತು ಕೇಳುತ್ತದೆ. ಯುಎಸ್‌ಬಿಯದು ಹಾಗಲ್ಲ. ಮೊದಲು ಯುಎಸ್‌ಬಿ ನಿಯಂತ್ರಕ ಎಚ್ಚರವಾಗಬೇಕು, ಅದು ಪೋರ್ಟುಗಳಲ್ಲಿ ಯಾರಿದ್ದಾರೆ ಎಂದು ವಿಚಾರಿಸಬೇಕು, ಕೀಬೋರ್ಡಿಗೆ ಒಂದು ಸಂಖ್ಯೆ ಕೊಡಬೇಕು, ಆಮೇಲೆ ಮಾತುಕತೆ. ವಿಂಡೋಸ್‌ಗೆ ಇದಕ್ಕೆ ತನ್ನದೇ ಡ್ರೈವರ್, ಅಂದರೆ ಕೀಬೋರ್ಡನ್ನು ನಡೆಸುವ ತಂತ್ರಾಂಶ, ಇದೆ. ಅದು ಬರುವ ಮುಂಚೆ ಈ ಕೆಲಸವನ್ನು ಬಯಾಸ್ ತಾನೇ ಮಾಡಬೇಕು, ಅದಕ್ಕೊಂದು ಆಯ್ಕೆ ಇರುತ್ತದೆ. ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ 'ಇಂಟಿಗ್ರೇಟೆಡ್ ಪೆರಿಫೆರಲ್ಸ್' ಪುಟದಲ್ಲಿ 'ಯುಎಸ್‌ಬಿ ಕೀಬೋರ್ಡ್ ಸಪೋರ್ಟ್' ಎಂದು, ಅಮಿ ಕಂಪನಿಯ ಬಯಾಸ್‌ನಲ್ಲಿ 'ಅಡ್ವಾನ್ಸ್ಡ್' ಪುಟದಲ್ಲಿ 'ಲೆಗಸಿ ಯುಎಸ್‌ಬಿ ಸಪೋರ್ಟ್' ಎಂದು ಕಾಣುತ್ತದೆ. ಆಗಿನ ಎಷ್ಟೋ ಬೋರ್ಡುಗಳಲ್ಲಿ ಕಾರ್ಖಾನೆಯಿಂದ ಇದು ಬಂದ್ ಆಗಿಯೇ ಬರುತ್ತಿತ್ತು. ನಿಮ್ಮೂರಿನವರು ಅದನ್ನೇ ಹಾಕಿಕೊಟ್ಟಿದ್ದಾರೆ, ಸರಿಯಾದ ಕೆಲಸವೇ. ರಾತ್ರಿ ಅದು ಅಳಿಸಿಹೋಯಿತು ಅಷ್ಟೆ.

ದಿನಾಂಕವೂ ಇದೇ ದಾರಿಯಲ್ಲಿ 2009ಕ್ಕೆ ಹೋಗುತ್ತದೆ. ಸುರಕ್ಷಿತ ಜಾಲತಾಣಗಳಿಗೆ ಈ ದಿನದಿಂದ ಈ ದಿನದವರೆಗೆ ಎಂದು ಅವಧಿ ಬರೆದ ಪ್ರಮಾಣಪತ್ರ ಇರುತ್ತದೆ. ನಿಮ್ಮ ಗಡಿಯಾರದ ಪ್ರಕಾರ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಬ್ರೌಸರ್ ನಂಬುವುದಿಲ್ಲ.

ನನ್ನ ಮಾತು ಸರಿಯೇ ಎಂದು ಪರೀಕ್ಷಿಸಲು ಒಂದು ಪೈಸೆಯೂ ಬೇಡ. ಹಗಲು ಆ ಆಯ್ಕೆಯನ್ನು ಹಾಕಿ ಉಳಿಸಿ, ಒಂದು ರಾತ್ರಿ ಯುಪಿಎಸ್ ಮತ್ತು ಮೇನ್ ಇಳಿಸದೆ ಕಂಪ್ಯೂಟರನ್ನು ಮಾತ್ರ ಆರಿಸಿ ಹೋಗಿ. ಬೆಳಿಗ್ಗೆ ತಡೆಯಿಲ್ಲದೆ ಶುರುವಾದರೆ ಶೆಲ್ಲೇ ಕಾರಣ.

ಶೆಲ್ಲಿನ ಹೆಸರು ಸಿಆರ್2032. 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. 2025 ಅಥವಾ 2016 ಕೊಟ್ಟರೆ ತೆಗೆದುಕೊಳ್ಳಬೇಡಿ, ಅವು ತೆಳ್ಳಗಿರುತ್ತವೆ, ಹಿಡಿಯಲ್ಲಿ ಸಡಿಲವಾಗುತ್ತವೆ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಧೂಳು ಹಿಡಿದ ಪೊಟ್ಟಣದಲ್ಲಿರುವುದು ಬೇಡ.

ಬದಲಾಯಿಸುವಾಗ ಗೋಡೆಯ ತಂತಿಯನ್ನೇ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಆಮೇಲೆ ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನು ಕೈಯಿಂದ ಮುಟ್ಟಿ, ಪಕ್ಕದ ಚಿಕ್ಕ ಕೊಕ್ಕೆಯನ್ನು ಹೊರಕ್ಕೆ ತಳ್ಳಿದರೆ ಶೆಲ್ ತಾನೇ ಮೇಲೆ ಹಾರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಹೊಸದರ ಕೂಡು ಗುರುತು ಇರುವ ಅಗಲದ ಮುಖ ಮೇಲಕ್ಕೆ ಬರಬೇಕು. ಮೀಟರ್ ಇದ್ದರೆ ಹಳೆಯದನ್ನು ಅಳೆದು ನೋಡಿ: ಹೊಸ ಶೆಲ್ 3 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ, 2.5ಕ್ಕಿಂತ ಕೆಳಗಿದ್ದರೆ ಅದರ ಆಯಸ್ಸು ಮುಗಿದಿದೆ. ಇದನ್ನು ಚಾರ್ಜ್ ಮಾಡುವ ಹಾಗಿಲ್ಲ.

ಈಗ ಮರೆಯಬಾರದ ಮಾತು. ಶೆಲ್ ಹಾಕಿದ ಕೂಡಲೇ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡುವುದಿಲ್ಲ! ಬಯಾಸ್ ಆಗಲೂ ಮೂಲ ಆಯ್ಕೆಗಳಲ್ಲೇ ಇರುತ್ತದೆ. ಹಳೆಯ ಪಿಎಸ್/2 ಕೀಬೋರ್ಡಿನಿಂದಲೇ ಡಿಲೀಟ್ ಒತ್ತಿ ಒಳಗೆ ಹೋಗಿ, ದಿನಾಂಕ ಸರಿಪಡಿಸಿ, ಯುಎಸ್‌ಬಿ ಕೀಬೋರ್ಡಿನ ಆಯ್ಕೆ ಹಾಕಿ, ಎಫ್10 ಒತ್ತಿ ಉಳಿಸಿ. ಅಷ್ಟಾಗುವವರೆಗೆ ಆ ಹಳೆಯ ಕೀಬೋರ್ಡನ್ನು ಕೈಬಿಡಬೇಡಿ. ಅದನ್ನು ಕೀಳುವುದಾಗಲಿ ಸಿಕ್ಕಿಸುವುದಾಗಲಿ ಕಂಪ್ಯೂಟರ್ ಆರಿಸಿ ತಂತಿ ಕಿತ್ತ ಮೇಲೆಯೇ ಮಾಡಿ. ಪಿಎಸ್/2 ಎನ್ನುವುದು ಓಡುತ್ತಿರುವಾಗ ಕಿತ್ತು ಹಾಕಲು ಮಾಡಿದ್ದಲ್ಲ, ಬೋರ್ಡಿನ ಆ ಭಾಗವೇ ಸುಟ್ಟುಹೋಗಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆಯ ಶೆಲ್ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ. ನುಂಗಿದರೆ ಅನ್ನನಾಳವನ್ನು ಸುಡುತ್ತದೆ, ಕಾಯದೆ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು. ಸತ್ತ ಶೆಲ್ ಎಂದು ಅಸಡ್ಡೆ ಮಾಡಬೇಡಿ.

ಮುಳಬಾಗಿಲು ಮೇಷ್ಟ್ರು

ಗೌರಿಬಿದನೂರಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಬೇಸಿಗೆ ರಜೆ ಮುಗಿದು ಬಾಗಿಲು ತೆರೆದಾಗ ಇದೇ ಪರದೆ ಎದುರಾಗುತ್ತದೆ. ರಜೆಯುದ್ದಕ್ಕೂ ವಿದ್ಯುತ್ ಇಲ್ಲದೆ ಶೆಲ್ಲೊಂದೇ ಗಡಿಯಾರ ನಡೆಸಬೇಕಲ್ಲ.

ಇದೇ ತೊಂದರೆ ಎಂದುಕೊಂಡು ಮುಂದೆ ಇಲ್ಲಿಗೆ ಬರುವವರಿಗೆ ಬೇರೆ ಕಾರಣಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಲಕ್ಷಣ ಒಂದೇ ಆದರೂ ಶೆಲ್ ಬದಲಾಯಿಸಿ ಹಣ ಕಳೆದುಕೊಳ್ಳಬಾರದು. ದಿನಾಂಕ ಸರಿಯಾಗಿದ್ದು ಕೀಬೋರ್ಡ್ ಮಾತ್ರ ಕೇಳದಿದ್ದರೆ ಶೆಲ್ಲಿನ ತಪ್ಪಲ್ಲ.

ಹೊಸ ಕಂಪ್ಯೂಟರುಗಳಲ್ಲಿ ಬಯಾಸ್‌ನ 'ಫಾಸ್ಟ್ ಬೂಟ್' ಹಾಕಿದ್ದರೆ ಬೇಗ ಶುರುವಾಗಲೆಂದು ಯುಎಸ್‌ಬಿಯನ್ನು ಎಬ್ಬಿಸದೆಯೇ ಮುಂದೆ ಹೋಗುತ್ತದೆ, ಡಿಲೀಟ್ ಒತ್ತಿದ್ದು ಯಾರಿಗೂ ಕೇಳುವುದಿಲ್ಲ. ಅಂಥ ಯಂತ್ರದಲ್ಲಿರುವುದು ಬಯಾಸ್‌ನ ಹೊಸ ರೂಪವಾದ ಯುಇಎಫ್ಐ ಆಗಿದ್ದರೆ ವಿಂಡೋಸ್ ಒಳಗಿನಿಂದಲೇ ಹೋಗಬಹುದು: ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಬರುವ ನೀಲಿ ಪುಟದಲ್ಲಿ ಫರ್ಮ್‌ವೇರ್ ಸೆಟ್ಟಿಂಗ್ಸ್ ಆರಿಸಿ. ಮಧುಗಿರಿಯವರ ಹಳೆಯ ಬಯಾಸ್‌ನಲ್ಲಿ ಈ ಬಾಗಿಲು ಇರುವುದಿಲ್ಲ.

ಬ್ಲೂಟೂತ್ ಕೀಬೋರ್ಡುಗಳು ಸಾಮಾನ್ಯವಾಗಿ ವಿಂಡೋಸ್ ಬರುವ ಮುಂಚೆ ಕೆಲಸ ಮಾಡುವುದಿಲ್ಲ. ಆದರೆ ಪುಟ್ಟ ಡಾಂಗಲ್ ಜೊತೆ ಬರುವ ತಂತಿಯಿಲ್ಲದ ಕೀಬೋರ್ಡು ಮಾಡುತ್ತದೆ. ಬಯಾಸ್‌ಗೆ ಆ ಡಾಂಗಲ್ಲೇ ಮಾಮೂಲು ಯುಎಸ್‌ಬಿ ಕೀಬೋರ್ಡಿನಂತೆ ಕಾಣುತ್ತದೆ. ಆಟಕ್ಕಾಗಿ ಮಾಡಿದ ದುಬಾರಿ ಕೀಬೋರ್ಡುಗಳಲ್ಲೂ ಕೆಲವು ತಕರಾರು ಮಾಡುತ್ತವೆ. ಬಯಾಸ್‌ಗೆ ಅರ್ಥವಾಗುವುದು 8 ಬೈಟಿನ ಸರಳ ಸಂದೇಶ, ಅದರಲ್ಲಿ ಶಿಫ್ಟ್, ಕಂಟ್ರೋಲ್ ಮೊದಲಾದವು ಬಿಟ್ಟರೆ ಒಮ್ಮೆಗೆ 6 ಕೀಗಳಿಗೆ ಜಾಗ. ಎಲ್ಲ ಕೀಗಳನ್ನೂ ಒಟ್ಟಿಗೆ ಕಳುಹಿಸುವ ಕೀಬೋರ್ಡು ಬೇರೆ ರೂಪದಲ್ಲಿ ಮಾತಾಡಿದರೆ ಬಯಾಸ್ ಕಣ್ಣು ಕಣ್ಣು ಬಿಡುತ್ತದೆ. ಅಂಥವುಗಳಲ್ಲಿ ಕೆಲವಕ್ಕೆ ಬಯಾಸ್ ಸ್ಥಿತಿ ಎಂದೇ ಒಂದು ಸ್ವಿಚ್ ಇರುತ್ತದೆ.

ವಿಂಡೋಸ್ ಬದಲು ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಬಳಸುವವರಲ್ಲಿ ಡಿಸ್ಕಿಗೆ ಪೂರ್ತಿ ಗೂಢಲಿಪಿ ಹಾಕಿದವರಿಗೆ ಮತ್ತೊಂದು ಗಂಡಾಂತರ ಇದೆ. ಬಯಾಸ್‌ನಲ್ಲೂ ಲಿನಕ್ಸನ್ನು ಶುರುಮಾಡುವ ಗ್ರಬ್‌ನಲ್ಲೂ ಕೀಬೋರ್ಡ್ ಸರಿಯಾಗಿರುತ್ತದೆ, ಡಿಸ್ಕಿನ ಗುಪ್ತಪದ ಕೇಳುವ ಹೊತ್ತಿಗೆ ಸುಮ್ಮನಾಗುತ್ತದೆ. ಆ ಹಂತದಲ್ಲಿ ಬಯಾಸ್ ಕೈಬಿಟ್ಟಿರುತ್ತದೆ, ಲಿನಕ್ಸಿನ ತಿರುಳಾದ ಕರ್ನಲ್ ಶುರುವಿಗೆ ಬೇಕಾದ ಡ್ರೈವರುಗಳಿರುವ ತನ್ನ ಇನಿಟ್‌ರಾಮ್‌ಎಫ್‌ಎಸ್ ಗಂಟಿನಲ್ಲಿ ಕೀಬೋರ್ಡಿನ ಡ್ರೈವರ್ ಹುಡುಕುತ್ತದೆ. ಆ ಗಂಟನ್ನು ಈ ಯಂತ್ರಕ್ಕೆ ಬೇಕಾದ್ದಷ್ಟೇ ಇರಲಿ ಎಂದು ಕಟ್ಟಿಸಿದ್ದರೆ, ಕಟ್ಟುವಾಗ ಪಿಎಸ್/2 ಇತ್ತು, ಈಗ ಯುಎಸ್‌ಬಿ ಇದೆ, ಒಳಗೆ ಡ್ರೈವರೇ ಇರುವುದಿಲ್ಲ. ಆ ಗಂಟಿನ ಸಂರಚನೆಯಲ್ಲಿ ಮಾಡ್ಯೂಲ್ಸ್ ಎಂಬಲ್ಲಿ 'ಡೆಪ್' (ಬೇಕಾದ್ದಷ್ಟೇ) ತೆಗೆದು 'ಮೋಸ್ಟ್' (ಬಹುಪಾಲು) ಎಂದು ಬರೆದು ಗಂಟನ್ನು ಮತ್ತೆ ಕಟ್ಟಿಸಿದರೆ ಸರಿಹೋಗುತ್ತದೆ.

ಕಡೆಗೆ, ನೇರಳೆ ಬಣ್ಣದ ಪರಿವರ್ತಕ ಪಿನ್ ಹಾಕಿ ಯುಎಸ್‌ಬಿ ಕೀಬೋರ್ಡನ್ನೇ ಪಿಎಸ್/2 ಕಿಂಡಿಗೆ ಸಿಕ್ಕಿಸಿ ಎಂದು ಯಾರಾದರೂ ಹೇಳಿಯಾರು. ಅದರೊಳಗೆ ತಂತಿಗಳ ಅದಲುಬದಲು ಬಿಟ್ಟರೆ ಬೇರೇನೂ ಇಲ್ಲ. ಎರಡೂ ಭಾಷೆ ಬಲ್ಲ ಕೀಬೋರ್ಡಿಗೆ ಮಾತ್ರ ಅದು ನಡೆಯುತ್ತದೆ, ಈಗಿನ ಅಗ್ಗದ ಕೀಬೋರ್ಡುಗಳು ಬಹುಪಾಲು ಯುಎಸ್‌ಬಿ ಒಂದನ್ನೇ ಬಲ್ಲವು.

ಒಂದು ಸಲಹೆ: ಬಯಾಸ್‌ನಲ್ಲಿ ಯಾವ ದೋಷ ಕಂಡರೆ ನಿಲ್ಲಬೇಕು ಎಂದು ಹೇಳುವ 'ಹಾಲ್ಟ್ ಆನ್' ಎಂಬುದನ್ನು 'ನೋ ಎರರ್ಸ್' (ಯಾವುದಕ್ಕೂ ಬೇಡ) ಮಾಡಿದರೆ ಇನ್ನೊಮ್ಮೆ ಶೆಲ್ ಸೋತರೂ ಎಫ್1 ಕೇಳದೆ ಮುಂದೆ ಹೋಗುತ್ತದೆ.

ಗೌರಿಬಿದನೂರು ಸರ್ವಿಸ್

ಮೇಷ್ಟ್ರೇ, ಕೊನೆಯ ಮಾತೊಂದನ್ನು ನಾನು ಒಪ್ಪುವುದಿಲ್ಲ. ಆ ಆಯ್ಕೆ ಮಾಡಿದರೆ ಫ್ಯಾನ್ ನಿಂತಿದ್ದರೂ ಕೆಲವು ಬೋರ್ಡುಗಳು ಸುಮ್ಮನೆ ಮುಂದೆ ಹೋಗುತ್ತವೆ. ಶೆಲ್ ಸೋತದ್ದೂ ತಿಳಿಯದೆ, ಅಂಗಡಿಯ ಬಿಲ್ಲುಗಳಿಗೆಲ್ಲ 2009ರ ದಿನಾಂಕ ಬೀಳುತ್ತದೆ. ಅಂಗಡಿ ನಡೆಸುವವರಿಗೆ ಅದು ದೊಡ್ಡ ತಲೆನೋವು. 'ಆಲ್ ಬಟ್ ಕೀಬೋರ್ಡ್' (ಕೀಬೋರ್ಡಿನದೊಂದು ಬಿಟ್ಟು ಉಳಿದೆಲ್ಲ ದೋಷಕ್ಕೂ ನಿಲ್ಲು) ಎಂದಿಟ್ಟರೆ ಸಾಕು.

ಮುಳಬಾಗಿಲು ಮೇಷ್ಟ್ರು

ಬಿಲ್ಲಿನ ದಿನಾಂಕದ ಮಾತು ಸರಿ. ಶಾಲೆಯ ಕೊಠಡಿಗೆ ನನ್ನದು, ಅಂಗಡಿಗೆ ನಿಮ್ಮದು.

ಮಧುಗಿರಿ ಡಿಟಿಪಿ

ಸರ್, ಮೇಷ್ಟ್ರೇ, ಎಲ್ಲರಿಗೂ ಕೈಮುಗಿಯುತ್ತೇನೆ. ಮೊದಲು ರಾತ್ರಿ ಮೇನ್ ಇಳಿಸದೆ ಹೋಗಿ ನೋಡಿದೆ. ಬೆಳಿಗ್ಗೆ ಒಂದು ಗುಂಡಿಯನ್ನೂ ಒತ್ತದೆ ನೇರವಾಗಿ ವಿಂಡೋಸ್ ಬಂತು, ದಿನಾಂಕವೂ ಸರಿಯಾಗಿತ್ತು. ಆಗಲೇ ಧೈರ್ಯ ಬಂತು.

ಪಕ್ಕದ ಟಿವಿ ರಿಪೇರಿ ಅಂಗಡಿಯ ಅಣ್ಣ ಹಳೆಯ ಶೆಲ್ಲನ್ನು ಅಳೆದರು. ಮೀಟರ್ 1.4 ವೋಲ್ಟ್ ತೋರಿಸಿತು. ಹೊಸ 2032 ಹಾಕಿ, ಹಳೆಯ ಕೀಬೋರ್ಡಿನಿಂದ ಬಯಾಸ್‌ಗೆ ಹೋಗಿ ಆಯ್ಕೆಗಳನ್ನು ಹಾಕಿದೆ. ಗೌರಿಬಿದನೂರಿನವರು ಹೇಳಿದ ಎಚ್ಚರಿಕೆ ಇಲ್ಲದಿದ್ದರೆ ಶೆಲ್ ಹಾಕಿದ ಮೇಲೂ ಕೀಬೋರ್ಡ್ ಕೇಳುತ್ತಿಲ್ಲವೆಂದು ಕೈಚೆಲ್ಲುತ್ತಿದ್ದೆ. ನನ್ನದು ಅವಾರ್ಡ್ ಬಯಾಸ್, ಅವರು ಬರೆದ ಪುಟದಲ್ಲಿಯೇ ಆಯ್ಕೆ ಸಿಕ್ಕಿತು. 'ಹಾಲ್ಟ್ ಆನ್' ಕೂಡ ಅವರು ಹೇಳಿದಂತೆಯೇ ಇಟ್ಟಿದ್ದೇನೆ.

ಈಗ ರಾತ್ರಿ ಮೇನ್ ಇಳಿಸಿದರೂ ಬೆಳಿಗ್ಗೆ ಹೊಸ ಕೀಬೋರ್ಡಿನ ದೀಪ ಹಾಕಿದ ಕೂಡಲೇ ಹತ್ತುತ್ತದೆ. ನಮ್ಮೂರಿನ ರಿಪೇರಿಯವರಿಗೂ ಇದನ್ನೆಲ್ಲ ಹೇಳಿದೆ. ಆಸಕ್ತಿಯಿಂದ ಕೇಳಿಕೊಂಡರು, ಅವರ ಬಳಿ ಹೀಗೇ ಎತ್ತಿಟ್ಟ ಇನ್ನೊಂದು ಯಂತ್ರ ಇದೆಯಂತೆ.

ಕೊರಟಗೆರೆ ಓದುಗ

ನಮ್ಮ ಸಂಘದ ಕಚೇರಿಯ ಕಂಪ್ಯೂಟರಿಗೂ ಇದೇ ಆಗಿದೆ. ಡಬ್ಬಿ ತೆರೆದೆ, ಶೆಲ್ ಎಲ್ಲೂ ಕಾಣುತ್ತಿಲ್ಲ. ಕೆಲವು ಬೋರ್ಡುಗಳಲ್ಲಿ ಇರುವುದೇ ಇಲ್ಲವೇ?

ಗೌರಿಬಿದನೂರು ಸರ್ವಿಸ್

ಇರುತ್ತದೆ ಅಣ್ಣ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಅದರ ಅಡಿಯಲ್ಲಿ ಮರೆಯಾಗಿರುತ್ತದೆ. ತಂತಿ ಕಿತ್ತು, ಕಾರ್ಡಿನ ಸ್ಕ್ರೂ ಬಿಚ್ಚಿ, ಕಿಂಡಿಯ ತುದಿಯಲ್ಲಿರುವ ಕೊಂಡಿಯನ್ನು ಒತ್ತಿ ಹಿಡಿದು ಕಾರ್ಡನ್ನು ನೆಟ್ಟಗೆ ಮೇಲಕ್ಕೆ ತೆಗೆಯಿರಿ. ಅಲ್ಲಿಯೂ ಇಲ್ಲದಿದ್ದರೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಎರಡು ತಂತಿ ಹಾಕಿದ ಚಪ್ಪಟೆ ಬಿಲ್ಲೆಯನ್ನು ಹುಡುಕಿ, ಸಣ್ಣ ಡಬ್ಬಿಯ ಕಂಪ್ಯೂಟರುಗಳಲ್ಲಿ ಹಾಗೆ ಅಂಟಿಸಿರುತ್ತಾರೆ. ಅದಾದರೆ ತಂತಿಯ ಸಮೇತ ಅದೇ ಬಗೆಯದನ್ನು ತರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.